ಮಧುಬಿಂದು ದೃಷ್ಟಾಂತ ಮತ್ತು ಸಾದೃಶ್ಯದ ಸ್ವರೂಪ

ತುಮಕೂರು ಜಿಲ್ಲೆಯ ಮಧುಗಿರಿಯು ಏಕಶಿಲೆಯ ಮಹಾದುರ್ಗದಿಂದ ಪ್ರಸಿದ್ಧವಾದ ಊರು. ಸಮುದ್ರಮಟ್ಟದಿಂದ ಸುಮಾರು 1200 ಮೀಟರುಗಳಷ್ಟು ಎತ್ತರವಾದ ಈ ಗಿರಿಯ ತಪ್ಪಲಿನ ಊರಿನಲ್ಲಿ ಮಲ್ಲಿನಾಥ ಬಸದಿಯಿದೆ. ಆಂಗ್ಲರ ಕಾಲದ ಬರಹಗಳಲ್ಲಿ 'ಮದ್ದಗಿರಿ' ಎಂದು ಕಾಣುವ ಹೆಸರನ್ನು ಬೆಟ್ಟದ ಬಂಡೆಗಳಲ್ಲಿ ಕಟ್ಟುವ ಜೇನಿನೊಡನೆ ಜೋಡಿಸಿ 'ಜೇನಿನ ಬೆಟ್ಟ' ಎಂದು ಅರ್ಥ ಹೇಳುವುದು ಅಲ್ಲಿನ ರೂಢಿ. ಜಿನಮಂದಿರವೂ ಜೇನೂ ಒಟ್ಟಿಗೆ ಮನಸ್ಸಿಗೆ ಬರುವ ಈ ಸ್ಥಳದಲ್ಲಿ ಜೈನ ಕಥಾವಾಙ್ಮಯದ ಮಧುಬಿಂದು ದೃಷ್ಟಾಂತವು ನೆನಪಾಗುವುದು ಸಹಜ. ಆದರೆ ಇದು ಕೇವಲ ನಾಮಸಾಮ್ಯ. ಎರಡು ಶಬ್ದಗಳು ಒಂದನ್ನೊಂದು ಹೋಲುವುದು ಬೇರೆ, ಎರಡು ಅರ್ಥಗಳು ಒಂದನ್ನೊಂದು ಬೆಳಗುವುದು ಬೇರೆ. ಈ ಎರಡನೆಯದು ಹೇಗೆ ನಡೆಯುತ್ತದೆ ಎಂಬುದನ್ನು ಆ ದೃಷ್ಟಾಂತದ ಪಾಠಪರಂಪರೆಯಿಂದಲೇ ವಿಚಾರಿಸಬಹುದಾಗಿದೆ.

ಸಾದೃಶ್ಯಜ್ಞಾನದ ವಿಷಯದಲ್ಲಿ ಜೈನ ನೈಯಾಯಿಕರ ನಿಲುವು ವಿಶಿಷ್ಟವಾದುದು. ಗೌತಮೀಯ ನ್ಯಾಯಮತದಲ್ಲಿ ಉಪಮಾನವು ಸ್ವತಂತ್ರ ಪ್ರಮಾಣ. 'ಗವಯವು ಹಸುವಿನಂತಿರುತ್ತದೆ' ಎಂದು ಕೇಳಿದವನು ಕಾಡಿನಲ್ಲಿ ಅಂತಹ ಪ್ರಾಣಿಯನ್ನು ಕಂಡು 'ಗವಯವೆಂಬುದು ಇದೇ' ಎಂದು ಅರಿಯುವುದು ಅದರ ಫಲ. ಎಂಟನೆಯ ಶತಮಾನದ ಭಟ್ಟಾಕಲಂಕದೇವರು ಲಘೀಯಸ್ತ್ರಯದಲ್ಲಿ ಇದಕ್ಕೆ ಆಕ್ಷೇಪವನ್ನೆತ್ತಿದರು. ಸಾಧರ್ಮ್ಯದಿಂದ ಹುಟ್ಟಿದ ಜ್ಞಾನಕ್ಕೆ ಬೇರೊಂದು ಪ್ರಮಾಣ ಬೇಕಾದರೆ ವೈಧರ್ಮ್ಯದಿಂದ ಹುಟ್ಟಿದ ಜ್ಞಾನಕ್ಕೆ ಮತ್ತೊಂದು ಬೇಕಾಗುವುದಿಲ್ಲವೆ? ಹಸುವಿಗಿಂತ ಎಮ್ಮೆ ಭಿನ್ನವೆಂಬ ಅರಿವು, ಇದು ಅದಕ್ಕಿಂತ ದೂರ, ಇದು ಅದಕ್ಕಿಂತ ಚಿಕ್ಕದು ಎಂಬ ಅರಿವು, ಇವೆಲ್ಲಕ್ಕೂ ಒಂದೊಂದು ಪ್ರಮಾಣವನ್ನು ಕಲ್ಪಿಸುತ್ತ ಹೋದರೆ ಪ್ರಮಾಣಗಳಿಗೆ ಕೊನೆಯೆಲ್ಲಿ? ಆದುದರಿಂದ ಜೈನರು ಉಪಮಾನವನ್ನು ಪರೋಕ್ಷದ ಐದು ಭೇದಗಳಲ್ಲಿ ಒಂದಾದ ಪ್ರತ್ಯಭಿಜ್ಞಾನದಲ್ಲಿ ಅಂತರ್ಭಾವಗೊಳಿಸಿದರು. ಮಾಣಿಕ್ಯನಂದಿಗಳು ಪರೀಕ್ಷಾಮುಖದ ಮೂರನೆಯ ಸಮುದ್ದೇಶದಲ್ಲಿ ಇದನ್ನು ಸೂತ್ರೀಕರಿಸಿದರು. ಪ್ರಭಾಚಂದ್ರರು ಪ್ರಮೇಯಕಮಲಮಾರ್ತಂಡದಲ್ಲಿ ವಿಸ್ತರಿಸಿದರು. ಈಗ ಕಾಣುತ್ತಿರುವುದನ್ನೂ ಹಿಂದೆ ಕಂಡು ಈಗ ನೆನೆಯುತ್ತಿರುವುದನ್ನೂ ಕೂಡಿಸುವ ಸಂಕಲನವೇ ಪ್ರತ್ಯಭಿಜ್ಞಾನ.

ಈ ನಿರ್ಣಯದಲ್ಲಿ ಗಮನಿಸಬೇಕಾದುದು, ಹೋಲಿಕೆಯನ್ನು ಅರಿಯುವ ಜ್ಞಾನವೇ ಭೇದವನ್ನೂ ಅರಿಯುತ್ತದೆ ಎಂಬುದು. ಭೇದವು ಸಂಪೂರ್ಣ ಅಳಿದರೆ 'ಅದೇ ಇದು' ಎಂಬ ಏಕತ್ವ ಉಳಿಯುತ್ತದೆಯೇ ಹೊರತು 'ಅದರಂತೆ ಇದು' ಎಂಬುದಲ್ಲ. ಅನೇಕಾಂತದೃಷ್ಟಿಗೆ ಇದು ಸಹಜವಾದ ಮಾತು. ಆಲಂಕಾರಿಕರ ಉಪಮೆಗೂ ಇದೇ ಅಡಿಪಾಯ. ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸಿ ಸುಮಾರು 850ರಲ್ಲಿ ರಚಿತವಾದ ಕವಿರಾಜಮಾರ್ಗವು ತನ್ನ ಮೂರನೆಯ ಪರಿಚ್ಛೇದವನ್ನು ಅರ್ಥಾಲಂಕಾರಗಳಿಗೆ ಮೀಸಲಿಟ್ಟು ಈ ವಿಚಾರವನ್ನು ಕನ್ನಡಕ್ಕೆ ತಂದಿತು.

ಕನ್ನಡದಲ್ಲಿ ಉಪಮಾವಾಚಕವೇ ಒಂದು ಸಾಕ್ಷಿ. 'ಪೋಲ್' ಎಂಬ ಧಾತುವಿಗೆ ಸದೃಶವಾಗಿರು ಎಂದರ್ಥ. ಹಳಗನ್ನಡದ 'ವೊಲ್', 'ವೋಲ್' ಎಂಬ ವಾಚಕಗಳೂ ಇಂದಿನ 'ಹೋಲು', 'ಹೋಲಿಕೆ' ಎಂಬ ಮಾತುಗಳೂ ಇದಕ್ಕೆ ಸಂಬಂಧಿಸಿದವು. ಓಲೆಯ ಪ್ರತಿಗಳಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘಗಳನ್ನು ಬೇರ್ಪಡಿಸಿ ಬರೆಯುವ ಪದ್ಧತಿ ಸಾಮಾನ್ಯವಾಗಿ ಇರಲಿಲ್ಲ. ಆದಕಾರಣ 'ವೊಲ್' ಎಂದು ಓದಬೇಕೆ, 'ವೋಲ್' ಎಂದು ಓದಬೇಕೆ ಎಂಬುದು ಸಂಪಾದಕನ ಹೊಣೆ. ಮುಂದೆ ವ್ಯಂಜನವಿದ್ದರೆ ಎರಡೂ ಗುರುವೇ. ಸ್ವರ ಬಂದು ಲಕಾರವು ಅದರೊಡನೆ ಕೂಡಿದರೆ ಮಾತ್ರ ಲಘುಗುರುಗಳ ಭೇದದಿಂದ ಛಂದಸ್ಸೇ ತೀರ್ಪು ಕೊಡುತ್ತದೆ.

ವಾಚಕದ ಪಾಠವನ್ನು ಛಂದಸ್ಸು ಕಾಯುತ್ತದೆ. ಆದರೆ ದೃಷ್ಟಾಂತದ ಅರ್ಥಪಾಠವನ್ನು ಕಾಯುವುದು ಯಾವುದು? ಇಲ್ಲಿ ಮಧುಬಿಂದುವಿನ ಕಥೆ ನೆರವಿಗೆ ಬರುತ್ತದೆ. ಅಡವಿಯಲ್ಲಿ ಆನೆ ಅಟ್ಟಿಸಿಕೊಂಡು ಬಂದಾಗ ಒಬ್ಬನು ಪಾಳುಬಾವಿಗೆ ಬಿದ್ದು ಆಲದ ಬಿಳಲನ್ನು ಹಿಡಿದು ತೂಗಾಡುತ್ತಾನೆ. ಕೆಳಗೆ ಬಾಯ್ತೆರೆದ ಹೆಬ್ಬಾವು, ಸುತ್ತ ನಾಲ್ಕು ಸರ್ಪಗಳು. ಬಿಳಲನ್ನು ಕಪ್ಪು ಬಿಳಿಯ ಎರಡು ಇಲಿಗಳು ಕಡಿಯುತ್ತಿವೆ. ಆನೆ ಮರವನ್ನು ಅಲುಗಿಸಲು ಜೇನುಗಳೆದ್ದು ಕುಟುಕುತ್ತವೆ. ಆಗ ಮೇಲಿನಿಂದ ಬಾಯಿಗೆ ಬಿದ್ದ ಒಂದು ಹನಿ ಜೇನಿನಲ್ಲಿ ಅವನು ಎಲ್ಲವನ್ನೂ ಮರೆಯುತ್ತಾನೆ. ಸಂಘದಾಸಗಣಿಗಳ ಪ್ರಾಕೃತ ವಸುದೇವಹಿಂಡಿಯಲ್ಲಿ ಜಂಬೂಸ್ವಾಮಿಯು ಪ್ರಭವನಿಗೆ ಇದನ್ನು ಹೇಳುತ್ತಾನೆ. ಹರಿಭದ್ರರ ಸಮರಾಇಚ್ಚಕಹಾ, ಹರಿಷೇಣನ ಅಪಭ್ರಂಶ ಧಮ್ಮಪರಿಕ್ಖಾ (988), ಅಮಿತಗತಿಯ ಸಂಸ್ಕೃತ ಧರ್ಮಪರೀಕ್ಷಾ (1014), ಹೇಮಚಂದ್ರರ ಪರಿಶಿಷ್ಟಪರ್ವ ಇವುಗಳಲ್ಲಿಯೂ ಇದು ಬಂದಿದೆ. ಈ ಧರ್ಮಪರೀಕ್ಷಾ ಪರಂಪರೆಗೆ ಸೇರಿದ ಕನ್ನಡ ಚಂಪೂ ವೃತ್ತವಿಲಾಸನದು.

ಜೈನ ಪರಂಪರೆಯ ವಿವರಣೆಯಲ್ಲಿ ಆನೆ ಮೃತ್ಯು, ಹೆಬ್ಬಾವು ನರಕ, ನಾಲ್ಕು ಸರ್ಪಗಳು ಕ್ರೋಧಮಾನಮಾಯಾಲೋಭಗಳೆಂಬ ಕಷಾಯಗಳು, ಬಿಳಲು ಆಯುಷ್ಯ, ಇಲಿಗಳು ಶುಕ್ಲ ಕೃಷ್ಣ ಪಕ್ಷಗಳು, ಜೇನುಹುಳುಗಳು ವ್ಯಾಧಿಗಳು, ಹನಿ ವಿಷಯಸುಖ. ಮಹಾಭಾರತದ ಸ್ತ್ರೀಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೆ ಹೇಳುವ ಇದೇ ಕಥೆಯಲ್ಲಿ ಆನೆಗೆ ಆರು ಮುಖ, ಹನ್ನೆರಡು ಕಾಲು. ಅದು ಋತುಮಾಸಗಳಿಂದ ಕೂಡಿದ ಸಂವತ್ಸರ. ಬಾವಿಯ ತಳದ ಸರ್ಪವು ಕಾಲ, ಇಲಿಗಳು ಹಗಲಿರುಳು, ಬಳ್ಳಿಯು ಬದುಕುವ ಆಸೆ, ಜೇನುಹುಳುಗಳು ಕಾಮನೆಗಳು. ಬೌದ್ಧ ಪರಂಪರೆಯಿಂದ ಚೀನೀ ಭಾಷೆಗೆ ಹೋದ ಪಾಠದಲ್ಲಿ ನಾಲ್ಕು ಸರ್ಪಗಳು ನಾಲ್ಕು ಮಹಾಭೂತಗಳು. ಬೋಧಿಸತ್ತ್ವನ ಕಥೆಯೇ ಕ್ರೈಸ್ತ ಸಂತಕಥೆಯಾಗಿ ಮಾರ್ಪಟ್ಟ ಬಾರ್ಲಾಮ್ ಮತ್ತು ಜೋಸಫಾತರ ಗ್ರೀಕ್ ಗ್ರಂಥದಲ್ಲಿಯೂ ಸರ್ಪಗಳು ನಾಲ್ಕೇ, ಅರ್ಥವೂ ಭೂತಗಳೇ. ಆದರೆ ಆನೆಯ ಸ್ಥಾನದಲ್ಲಿ ಒಂಟಿಕೊಂಬಿನ ಮೃಗ ಬಂದಿದೆ.

ಇವನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಾದೃಶ್ಯದ ಮರ್ಮ ಸ್ಪಷ್ಟವಾಗುತ್ತದೆ. ಇಲಿಗೂ ಪಕ್ಷಕ್ಕೂ ಬಣ್ಣವೊಂದನ್ನುಳಿದು ಯಾವ ಸಾಮ್ಯವೂ ಇಲ್ಲ. ಇಲಿಯು ಬಿಳಲಿಗೆ ಏನನ್ನು ಮಾಡುತ್ತದೆಯೋ ಅದನ್ನು ಪಕ್ಷವು ಆಯುಷ್ಯಕ್ಕೆ ಮಾಡುತ್ತದೆ ಎಂಬುದಷ್ಟೇ ಸಾಮ್ಯ. ಹೋಲುವುದು ವಸ್ತುವಲ್ಲ, ಸಂಬಂಧ. ಆದುದರಿಂದಲೇ ಆನೆ ಹೋಗಿ ಬೇರೆ ಮೃಗ ಬಂದರೂ ಕಥೆ ಕೆಡಲಿಲ್ಲ. ಅಟ್ಟುವ ಸಂಬಂಧ ಉಳಿಯಿತು. ನಾಲ್ಕೆಂಬ ಸಂಖ್ಯೆ ನಿಂತಿತು, ಅದರ ಅರ್ಥವನ್ನು ಒಂದೊಂದು ಮತವು ತನ್ನ ತತ್ತ್ವದಿಂದ ತುಂಬಿತು. ದೇಹವನ್ನು ಕಟ್ಟಿದ ಭೂತಗಳೇ ಸರ್ಪಗಳೆಂದರೆ ಭಯವು ದೇಹಧರ್ಮದಲ್ಲಿದೆ. ಕಷಾಯಗಳೇ ಸರ್ಪಗಳೆಂದರೆ ಜೀವನ ಪರಿಣಾಮದಲ್ಲಿಯೇ ಇದೆ, ಅದನ್ನು ಉಪಶಮಗೊಳಿಸುವ ಹೊಣೆಯೂ ಜೀವನದೇ ಆಗುತ್ತದೆ. ಸಂಖ್ಯೆ ಒಂದೇ, ಸಿದ್ಧಾಂತ ಬೇರೆ.

ಜೇನಿನ ಹನಿಯಲ್ಲಿ ಈ ವ್ಯತ್ಯಾಸ ಇನ್ನೂ ಸೂಕ್ಷ್ಮವಾಗಿದೆ. ಅನ್ಯರಿಗೆ ಜೇನು ಕೇವಲ ಸವಿ. ಜೈನ ಶ್ರಾವಕನಿಗೆ ಅದು ತ್ಯಾಜ್ಯ. ಸಮಂತಭದ್ರರ ರತ್ನಕರಂಡಕದಲ್ಲಿ ಮದ್ಯ ಮಾಂಸ ಮಧುಗಳ ತ್ಯಾಗವು ಐದು ಅಣುವ್ರತಗಳೊಡನೆ ಅಷ್ಟಮೂಲಗುಣವಾಗಿದೆ. ಅಮೃತಚಂದ್ರರ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅವುಗಳೊಡನೆ ಪಂಚೋದುಂಬರಗಳೂ ವರ್ಜ್ಯ. ಆಲದ ಹಣ್ಣು ಅವುಗಳಲ್ಲಿ ಒಂದು. ಇದನ್ನು ಬಲ್ಲ ಶ್ರಾವಕನಿಗೆ ಆ ಹನಿ ಮುಗ್ಧವಾದ ಸುಖವಾಗಿ ತೋರದು. ಅನೇಕ ಜೀವಗಳ ಹಿಂಸೆಯಿಂದ ಬಂದ ಸುಖವಾಗಿ ತೋರುತ್ತದೆ. ಕುಟುಕುವ ಹುಳುವೂ ಸವಿಯುವ ಹನಿಯೂ ಒಂದೇ ಗೂಡಿನವು ಎಂಬುದು ಹೆಜ್ಜೇನಿನ ಬಂಡೆಯ ಕೆಳಗೆ ಬಾಳಿದವನಿಗೆ ಹೇಳಿಕೊಡಬೇಕಾದ ಮಾತಲ್ಲ. ವ್ಯಾಧಿಯೂ ಭೋಗವೂ ಒಂದೇ ಮೂಲದವೆಂಬ ತತ್ತ್ವವು ಅಲ್ಲಿ ಅನುಭವದಿಂದಲೇ ದೊರೆಯುತ್ತದೆ. ಉಪಮಾನವು ಪ್ರಸಿದ್ಧವಾಗಿರಬೇಕೆಂದು ಶಾಸ್ತ್ರಕಾರರು ಹೇಳಿದುದರ ಅಭಿಪ್ರಾಯವೂ ಇದೇ.

ಹಸ್ತಪ್ರತಿಗಳನ್ನು ಶೋಧಿಸುವವರಿಗೆ ಇದರಿಂದ ಒಂದು ಎಚ್ಚರಿಕೆ ದೊರೆಯುತ್ತದೆ. ಒಂದು ಪ್ರತಿಯಲ್ಲಿ ಇಲಿಗಳು ಪಕ್ಷಗಳೆಂದೂ ಮತ್ತೊಂದರಲ್ಲಿ ಹಗಲಿರುಳುಗಳೆಂದೂ ಇದ್ದರೆ ಅದನ್ನು ಲಿಪಿಕಾರನ ಪ್ರಮಾದವೆಂದು ಅವಸರದಿಂದ ತಿದ್ದಲಾಗದು. ಕಡಿಯುವ ಸಂಬಂಧ ಎರಡರಲ್ಲಿಯೂ ಉಳಿದಿರುವುದರಿಂದ ಎರಡೂ ಅರ್ಥವತ್ತಾದ ಪಾಠಗಳೇ, ಮತ್ತು ಅವು ಬೇರೆ ಬೇರೆ ಪರಂಪರೆಗಳ ಗುರುತುಗಳಾಗಿರಬಹುದು. ಪ್ರಸಿದ್ಧ ಪಾಠಕ್ಕೆ ಸರಿಹೊಂದಿಸಿದರೆ ಕಥೆ ಓಡುತ್ತದೆ, ಆದರೆ ಅದು ಯಾವ ದಾರಿಯಿಂದ ಬಂದಿತೆಂಬ ಚರಿತ್ರೆ ಅಳಿಯುತ್ತದೆ. ಸಾದೃಶ್ಯವನ್ನೂ ವೈಲಕ್ಷಣ್ಯವನ್ನೂ ಒಂದೇ ಜ್ಞಾನದಲ್ಲಿ ಹಿಡಿಯಬೇಕೆಂದು ಅಕಲಂಕದೇವರು ತರ್ಕದಲ್ಲಿ ಸ್ಥಾಪಿಸಿದ ಮಾತು ಪಾಠಶೋಧನೆಯಲ್ಲಿಯೂ ಅಷ್ಟೇ ಸತ್ಯ. ಎರಡು ಓಲೆಗಳು ಎಲ್ಲಿ ಒಂದನ್ನೊಂದು ಹೋಲುತ್ತವೆ ಎಂಬುದು ಅವುಗಳ ನಂಟನ್ನು ತಿಳಿಸುತ್ತದೆ; ಎಲ್ಲಿ ಹೋಲುವುದಿಲ್ಲ ಎಂಬುದು ಒಂದೊಂದರ ವಂಶವನ್ನು ತಿಳಿಸುತ್ತದೆ.