ಒಬ್ಬ ಕುಲಕರ್ಣಿ, ಊರ ತುಂಬ ಲೆಕ್ಕ

ಬೀದರ್, ಭಾಲ್ಕಿ, ಔರಾದ್ ಭಾಗದಲ್ಲಿ ಹಳೆಯ ಹೊಲದ ಕಾಗದ ಬಿಚ್ಚಿದವರಿಗೆ ಮೊದಲು ಎದುರಾಗುವುದು ಲಿಪಿಯ ತೊಡಕು. ಒಂದು ಕಾಗದ ಉರ್ದುವಿನಲ್ಲಿದ್ದರೆ ಇನ್ನೊಂದು ಮೋಡಿಯಲ್ಲಿ. ಓದಿ ಹೇಳುವವರು ಈಗ ಅಪರೂಪ. ಈ ತೊಡಕಿನ ಮೋಡಿಯೇ ಒಂದು ಕಾಲಕ್ಕೆ ಕೆಲಸ ಹಗುರ ಮಾಡುವ ಉಪಾಯವಾಗಿತ್ತು ಎಂದರೆ ಅಚ್ಚರಿಯಾದೀತು.

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಊರಿನ ಲೆಕ್ಕ ಇಡುತ್ತಿದ್ದವನು ಕುಲಕರ್ಣಿ. ಸರ್ಕಾರದ ಭಾಷೆಯಲ್ಲಿ ಪಟ್ವಾರಿ. ಹಳೆ ಮೈಸೂರಿನವರಿಗೆ ಶಾನುಭೋಗ. ವಸೂಲಿಗೆ ಪಟೇಲ ಜೊತೆಗಿದ್ದರೂ ಬರೆಯುವ ಕೈ ಒಂದೇ. ದಿವಾನ ಸಾಲಾರ್ ಜಂಗ್ 1865ರಲ್ಲಿ ಜಿಲ್ಲಾಬಂದಿ ತಂದ ಮೇಲೆ ಜಿಲ್ಲೆ, ತಾಲ್ಲೂಕು ಕಚೇರಿಗಳ ವ್ಯವಸ್ಥೆ ಗಟ್ಟಿಯಾಯಿತು. ಆ ಕಚೇರಿಗಳಿಗೆಲ್ಲ ಊರಿನಿಂದ ಲೆಕ್ಕ ಹೋಗಬೇಕು. ಯಾವ ಹೊಲ ಖುಷ್ಕಿ, ಯಾವುದು ತರಿ, ಯಾವುದು ಬಾಗಾಯ್ತು, ಯಾರ ಬಾಕಿ ಎಷ್ಟು ಎಂಬುದೆಲ್ಲ ಜಮಾಬಂದಿಗೆ ಸಿದ್ಧವಿರಬೇಕು. ಸಾಲದ್ದಕ್ಕೆ ಎರಡು ಬಗೆಯ ನಾಣ್ಯ. ಸಂಸ್ಥಾನದ ಹಾಲಿ ಸಿಕ್ಕಾ 7 ರೂಪಾಯಿ ಕೊಟ್ಟರೆ ಬ್ರಿಟಿಷರ ಕಲ್ದಾರ್ ಸುಮಾರು 6 ರೂಪಾಯಿ. ವರ್ಷವೂ ಬೇರೆ: ಫಸಲಿಗೆ 590 ಕೂಡಿಸಿದರೆ ಹೆಚ್ಚು ಕಡಿಮೆ ಇಸವಿ.

ಇಷ್ಟನ್ನು ಒಬ್ಬನೇ ನಿಭಾಯಿಸಿದ್ದು ಹೇಗೆ? ಮೋಡಿ ಬರೆಯುವವರು ಮೊದಲು ಹಾಳೆಯ ಉದ್ದಕ್ಕೂ ಗೆರೆ ಎಳೆದುಬಿಡುತ್ತಿದ್ದರು. ಆಮೇಲೆ ಆ ಗೆರೆಗೆ ಅಕ್ಷರಗಳನ್ನು ತೂಗುಹಾಕುತ್ತ ಹೋಗುವುದು, ಲೇಖನಿ ಆದಷ್ಟು ಎತ್ತದೆ. ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘದ ಗೊಡವೆ ಇಲ್ಲ, ಪದಗಳ ನಡುವೆ ಬಿಡುವೂ ಇಲ್ಲ. ದೇವನಾಗರಿಯಲ್ಲಿ ಪ್ರತಿ ಪದಕ್ಕೂ ತಲೆಗೆರೆ ಎಳೆಯುವವನಿಗಿಂತ ಇವನ ಕೈ ಬೇಗ ಓಡುತ್ತಿತ್ತು.

ಎರಡನೆಯ ಸಾಧನ ಬಾಯಿಪಾಠ. ಪಾವಕಿ, ನಿಮಕಿ ಎಂದು ಕಾಲು, ಅರೆಗಳ ಮಗ್ಗಿಯನ್ನು ಚಿಕ್ಕಂದಿನಲ್ಲೇ ಕಲಿಸುತ್ತಿದ್ದರು. 16 ಆಣೆಗೆ ಒಂದು ರೂಪಾಯಿ, 40 ಗುಂಟೆಗೆ ಒಂದು ಎಕರೆ ಇದ್ದ ಲೆಕ್ಕದಲ್ಲಿ ಕಾಲು, ಅರೆ, ಮುಕ್ಕಾಲು ಸರಾಗ. ಎಕರೆಗೆ 1 ರೂಪಾಯಿ 4 ಆಣೆಯಂತೆ 6 ಎಕರೆಗೆ ಎಷ್ಟು? ಆರು ಒಂದಲ ಆರು, ಆರು ಕಾಲು ಒಂದೂವರೆ. 7 ರೂಪಾಯಿ 8 ಆಣೆ. ಕಾಗದ ಬೇಕಿಲ್ಲ.

ಮೂರನೆಯದು ವತನು. ಕೆಲಸ ತಂದೆಯಿಂದ ಮಗನಿಗೆ ಬರುತ್ತಿದ್ದುದರಿಂದ ಊರಿನ ಬಾಂದುಕಲ್ಲು, ಬದುಗಳ ಜಗಳ ಎಲ್ಲವೂ ಮನೆಯ ಮಾತಾಗಿದ್ದವು. ದಫ್ತರವೂ ಮನೆಯಲ್ಲೇ, ಬಟ್ಟೆಯ ಗಂಟಿನಲ್ಲಿ.

ಹೊರೆ ಇಳಿದದ್ದು ಕುಲಕರ್ಣಿಗೆ, ಬೆಲೆ ತೆತ್ತದ್ದು ರೈತ. ತನ್ನ ಹೊಲದ ಬಗ್ಗೆ ಏನು ಬರೆದಿದೆ ಎಂಬುದು ಹೆಬ್ಬೆಟ್ಟು ಒತ್ತುವವನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಕನ್ನಡದಲ್ಲಿ ಮೋಡಿ ಎಂದರೆ ಮಾಟವೂ ಹೌದಷ್ಟೆ. ರೈತನ ಮಟ್ಟಿಗೆ ಆ ಅರ್ಥವೇ ಸರಿ. ಲೆಕ್ಕಿಗ ಪ್ರಾಮಾಣಿಕನಾಗಿದ್ದರೂ ತಾಳೆ ನೋಡುವ ಎರಡನೆಯ ಕಣ್ಣಿಲ್ಲದ ಲೆಕ್ಕ ಅದು.

1948ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಹಂಚಿಹೋಗಿ, ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ ಬಂದವು; ಉದಗೀರ್, ನಿಲಂಗಾ ಮುಂಬೈಗೆ ಹೋದವು. ಮರುವರ್ಷವೇ ನಯಾಪೈಸೆ ಬಂದು ಆಣೆಯ ಮಗ್ಗಿ ಕೆಲಸಕ್ಕೆ ಬಾರದಾಯಿತು. 1961ರ ಗ್ರಾಮಾಧಿಕಾರಗಳ ರದ್ದತಿ ಕಾನೂನು 1963ರಲ್ಲಿ ಜಾರಿಯಾಗಿ ವತನುದಾರಿಕೆಯೂ ಮುಗಿಯಿತು. ಸಂಬಳದ ಗ್ರಾಮ ಲೆಕ್ಕಿಗ ಬಂದ. ದಾಖಲೆ ಕನ್ನಡಕ್ಕೆ ಬಂತು, ಆದರೆ ಒಬ್ಬನ ಪಾಲಿಗೆ ಹಲವು ಊರು ಬಿದ್ದವು.

2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು ಕೈಬರಹದ ಪಹಣಿಯೂ ಹೋಯಿತು. ಪಹಣಿ ಎಂಬ ಮಾತಿನ ಹಿಂದಿರುವುದು ಮರಾಠಿಯ 'ಪಾಹಣೆ', ಅಂದರೆ ನೋಡುವುದು. ಯಂತ್ರ ಬರೆದುಕೊಟ್ಟೀತು, ಹೊಲಕ್ಕೆ ನಡೆದು ನೋಡುವವನು ಬೇಕೇ ಬೇಕು. ಈಗ ಅವನ ಕೈಗೆ ಮೊಬೈಲ್ ಆ್ಯಪ್‌ಗಳು ಬಂದಿವೆ, ಕೆಲಸಕ್ಕೊಂದರಂತೆ. ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರು ಬದಲಾದ ಈ ನೌಕರರು 2024ರ ಸೆಪ್ಟೆಂಬರ್‌ನಲ್ಲಿ ಹೊರೆ ತಾಳಲಾರದೆ ರಾಜ್ಯದಾದ್ಯಂತ ಮುಷ್ಕರ ಹೂಡಿದರು. 2025ರ ಫೆಬ್ರುವರಿಯಲ್ಲಿ ಮತ್ತೊಮ್ಮೆ. ಅವರ ಬೇಡಿಕೆಗಳಲ್ಲಿ ಕೂರಲು ಒಂದು ಕಚೇರಿ, ಮೇಜು, ಕುರ್ಚಿ, ಕಾಗದ ಇಡಲು ಒಂದು ಬೀರು ಕೂಡ ಇದ್ದವು.