ನಿಂತು ಸಾಗುವ ಗಾಡಿಯ ನೂರು ವರ್ಷ

1916ರ ಲಂಡನ್ನಿನ ಒಂದು ಛಾಯಾಚಿತ್ರವಿದೆ. ಉದ್ದನೆಯ ಕೋಟು ತೊಟ್ಟು, ಟೋಪಿ ಧರಿಸಿದ ಮಹಿಳೆಯೊಬ್ಬರು ಎರಡು ಪುಟ್ಟ ಚಕ್ರಗಳ ಗಾಡಿಯ ಮೇಲೆ ನೆಟ್ಟಗೆ ನಿಂತಿದ್ದಾರೆ. ಆಕೆ ಫ್ಲಾರೆನ್ಸ್ ನಾರ್ಮನ್, ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದವರು. ಗಾಡಿ ಗಂಡ ಕೊಟ್ಟ ಹುಟ್ಟುಹಬ್ಬದ ಉಡುಗೊರೆ. ಅದನ್ನೇರಿ ಆಕೆ ಕೆಲಸಕ್ಕೆ ಹೋಗುತ್ತಿದ್ದರು. ಚಿತ್ರದ ಕೆಳಗೆ ಇಸವಿ ಇರದಿದ್ದರೆ, ಉಡುಪು ಬಿಟ್ಟು ಉಳಿದೆಲ್ಲ ಇಂದಿನದೇ ಎಂದುಕೊಳ್ಳಬಹುದಿತ್ತು.

ನಮ್ಮಲ್ಲಿ ಸ್ಕೂಟರ್ ಎಂದರೆ ಕುಳಿತು ಓಡಿಸುವ ಗಾಡಿ. ಇಲ್ಲಿ ಹೇಳಹೊರಟಿರುವುದು ಅದರ ಅಣ್ಣನ ಕಥೆ. ಒಂದು ಹಲಗೆ, ಎರಡು ಚಕ್ರ, ಒಂದು ಹಿಡಿಕೆ. ಸವಾರ ನಿಂತೇ ಇರಬೇಕು. ನಾರ್ಮನ್ ಅವರ ಗಾಡಿಯ ಹೆಸರು ಆಟೊಪೆಡ್. ನ್ಯೂಯಾರ್ಕಿನ ಲಾಂಗ್ ಐಲೆಂಡ್ ಸಿಟಿಯಲ್ಲಿ 1915ರಿಂದ ಅದು ತಯಾರಾಗುತ್ತಿತ್ತು. ಮುಂದಿನ ಚಕ್ರದ ಮೇಲೆಯೇ 155 ಸಿಸಿಯ ಪೆಟ್ರೋಲ್ ಎಂಜಿನ್. ಹಿಡಿಕೆಯನ್ನು ಮುಂದಕ್ಕೆ ತಳ್ಳಿದರೆ ಗಾಡಿ ಹೊರಡುತ್ತಿತ್ತು, ಹಿಂದಕ್ಕೆ ಎಳೆದರೆ ಬ್ರೇಕ್ ಬೀಳುತ್ತಿತ್ತು. ಅಮೆರಿಕದ ಅಂಚೆಯವರೂ ಅದನ್ನು ಪರೀಕ್ಷಿಸಿ ನೋಡಿದರು, ಜರ್ಮನಿಯಲ್ಲಿ ಕ್ರುಪ್ ಕಂಪನಿಯೂ ಅದನ್ನು ತಯಾರಿಸಿತು. ವಿದ್ಯುತ್ತಿನಿಂದ ಓಡುವ ಮಾದರಿಯೂ ಬಂದಿತ್ತು. ಆದರೂ 1920ರ ದಶಕದ ಆರಂಭಕ್ಕೆ ಆಟೊಪೆಡ್ ಮರೆಯಾಯಿತು. ವೇಗ ಹೆಚ್ಚಿದರೆ ಮೈ ತೂಗಾಡುತ್ತಿತ್ತು. ದೂರ ಹೋಗುವವನಿಗೆ ಸೀಟು ಬೇಕಿತ್ತು. ಅದೇ ಹೊತ್ತಿಗೆ ಫೋರ್ಡ್ ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ರಸ್ತೆ ಕಾರಿನದಾಯಿತು.

ಈ ಗಾಡಿ ಮತ್ತೆ ಎದ್ದು ಬರಲು ಸುಮಾರು ಎಂಬತ್ತು ವರ್ಷ ಬೇಕಾಯಿತು. 1990ರಲ್ಲಿ ಜ್ಯೂರಿಕ್ ನಗರದ ವಿಮ್ ಔಬೋಟರ್ ಎಂಬಾತನಿಗೆ ತನಗಿಷ್ಟವಾದ ಅಂಗಡಿಯ ಸಾಸೇಜ್ ತಿನ್ನುವ ಆಸೆ. ಅಂಗಡಿ ನಡೆದು ಹೋಗಲು ದೂರ, ಕಾರು ತೆಗೆಯಲು ಹತ್ತಿರ. ಈ ನಡುವಿನ ದೂರಕ್ಕೆ ವಾಹನವೇ ಇಲ್ಲವಲ್ಲ ಎಂಬ ಯೋಚನೆಯಿಂದ, ಮಡಚಿ ಕೈಯಲ್ಲಿ ಹಿಡಿದೊಯ್ಯಬಹುದಾದ, ಕಾಲಿನಿಂದ ಒದ್ದು ಓಡಿಸುವ ಗಾಡಿ ಹುಟ್ಟಿತು. 2000ದ ಸುಮಾರಿಗೆ ಲೋಕದ ಮಕ್ಕಳೆಲ್ಲ ಅದನ್ನು ಆಟಿಕೆ ಮಾಡಿಕೊಂಡರು. ಆದರೆ ಔಬೋಟರ್ ಗುರುತಿಸಿದ್ದು ಆಟದ ಸಂಗತಿಯನ್ನಲ್ಲ. ಬಸ್ಸು ಇಳಿದ ಮೇಲೆ ಮನೆಯವರೆಗೆ, ರೈಲು ನಿಲ್ದಾಣದಿಂದ ಕಚೇರಿಯವರೆಗೆ ಉಳಿಯುವ ಆ ಒಂದೆರಡು ಕಿಲೋಮೀಟರು ಎಲ್ಲ ನಗರಗಳ ಹಳೆಯ ತಲೆನೋವು.

ಅದಕ್ಕೆ ದೊಡ್ಡ ಉತ್ತರ ಕೊಡುತ್ತೇನೆಂದು ಬಂದದ್ದು ಸೆಗ್ವೇ. 2001ರ ಡಿಸೆಂಬರಿನಲ್ಲಿ ಅಮೆರಿಕದ ಡೀನ್ ಕೇಮೆನ್ ಅದನ್ನು ಟಿವಿಯಲ್ಲಿ ಪ್ರಕಟಿಸುವ ಮೊದಲೇ, ಮುಂದಿನ ನಗರಗಳನ್ನು ಈ ಯಂತ್ರಕ್ಕೆ ತಕ್ಕಂತೆ ಕಟ್ಟಬೇಕಾದೀತು ಎಂಬ ಮಾತು ಹರಡಿತ್ತು. ಮುಂದಕ್ಕೆ ಬಾಗಿದರೆ ಮುಂದೆ, ಹಿಂದಕ್ಕೆ ಬಾಗಿದರೆ ಹಿಂದೆ. ಬೀಳದಂತೆ ಗೈರೋಸ್ಕೋಪುಗಳು ಕಾಯುತ್ತಿದ್ದವು. ಯಂತ್ರವಾಗಿ ಅದು ಅದ್ಭುತವೇ. ಆದರೆ ಬೆಲೆ ಸುಮಾರು 5,000 ಡಾಲರ್, ತೂಕ ಸುಮಾರು 38 ಕೆ.ಜಿ. ಮೆಟ್ಟಿಲು ಬಂದರೆ ಹೊತ್ತೊಯ್ಯುವವರು ಯಾರು? ರಸ್ತೆಗೆ ಇಳಿದರೆ ಕಾರಿನವರಿಗೆ ಅಡ್ಡಿ, ಫುಟ್‌ಪಾತ್ ಏರಿದರೆ ನಡೆಯುವವರಿಗೆ ಭಯ. 2002ರಲ್ಲಿಯೇ ಸ್ಯಾನ್ ಫ್ರಾನ್ಸಿಸ್ಕೋ ನಗರ ಅದನ್ನು ಫುಟ್‌ಪಾತಿನಿಂದ ಇಳಿಸಿತು. ಕೊನೆಗೆ ಅದಕ್ಕೆ ಅನ್ನ ಕೊಟ್ಟವರು ಪ್ರವಾಸಿಗರು ಮತ್ತು ಕಾವಲುಗಾರರು. ಮಾರ್ಗದರ್ಶಿಯ ಹಿಂದೆ ಹೆಲ್ಮೆಟ್ ತೊಟ್ಟ ಹತ್ತು ಮಂದಿ ಬಾತುಕೋಳಿಗಳಂತೆ ಸಾಲಾಗಿ ಸಾಗುವ ನೋಟ ಯುರೋಪಿನ ನಗರಗಳಲ್ಲಿ ಸಾಮಾನ್ಯವಾಯಿತು. ಊರಿನವರ ಸಹನೆಗೂ ಮಿತಿಯಿತ್ತು. ಪ್ರಾಗ್ 2016ರಲ್ಲಿ ತನ್ನ ಹಳೆಯ ಪೇಟೆಯಿಂದ ಸೆಗ್ವೇಗಳನ್ನು ಹೊರಗಟ್ಟಿತು. 2020ರಲ್ಲಿ ಅದರ ತಯಾರಿಕೆಯೇ ನಿಂತಿತು.

ಅಷ್ಟರಲ್ಲಿ ಹಳೆಯ ಹಲಗೆಗೇ ಹೊಸ ಜೀವ ಬಂದಿತ್ತು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನ್ ಬ್ಯಾಟರಿ ಕಾಲು ಶತಮಾನದಲ್ಲಿ ಹಗುರವೂ ಅಗ್ಗವೂ ಆಯಿತು. ಮೋಟರು ಚಕ್ರದ ಗುಂಬದೊಳಗೇ ಅಡಗಿತು. 2016ರ ಕೊನೆಗೆ ಚೀನಾದ ಶಿಯೋಮಿ ತಂದ ಎಂ365 ಗಾಡಿಯ ತೂಕ ಕೇವಲ 12.5 ಕೆ.ಜಿ. ವೇಗ ಗಂಟೆಗೆ 25 ಕಿ.ಮೀ.; ಒಮ್ಮೆ ಚಾರ್ಜ್ ಮಾಡಿದರೆ 30 ಕಿ.ಮೀ. ಓಡುತ್ತದೆಂದು ಕಂಪನಿಯ ಮಾತು. ಮಡಚಿದರೆ ಮೇಜಿನ ಕೆಳಗೆ ಹಿಡಿಯುತ್ತದೆ. ಸೆಗ್ವೇ ಸೋತಲ್ಲಿ ಇದು ಗೆದ್ದಿತು.

2017ರಲ್ಲಿ ಬರ್ಡ್ ಕಂಪನಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಇಂಥ ಗಾಡಿಗಳನ್ನು ಬೀದಿಯಲ್ಲಿ ನಿಲ್ಲಿಸಿ, ಫೋನಿನಿಂದ ಬೀಗ ತೆಗೆದು ಬಾಡಿಗೆಗೆ ಓಡಿಸಿ ಎಂದಿತು. ಮರುವರ್ಷ ಪ್ಯಾರಿಸ್ಸಿಗೂ ಬಾಡಿಗೆ ಗಾಡಿಗಳು ಬಂದವು. ಪ್ರವಾಸಿಗೆ ಇದಕ್ಕಿಂತ ಸುಖ ಯಾವುದು? ಸೇನ್ ನದಿಯ ದಂಡೆಗುಂಟ ಗಾಳಿಗೆ ಮುಖವೊಡ್ಡಿ ಸಾಗಬಹುದು. ಚೆಂದದ ಕಟ್ಟಡ ಕಂಡಲ್ಲಿ ಇಳಿಯಬಹುದು. ಮೆಟ್ರೊದ ಸುರಂಗದಲ್ಲಿ ನಗರವನ್ನು ಕಳೆದುಕೊಳ್ಳಬೇಕಿಲ್ಲ. ಆದರೆ ಇಳಿದವನು ಗಾಡಿಯನ್ನು ಎಲ್ಲಿ ಬಿಟ್ಟ? ಫುಟ್‌ಪಾತಿನ ನಡುವೆ, ಮನೆಯ ಬಾಗಿಲಲ್ಲಿ, ಕೆಲವೊಮ್ಮೆ ನದಿಯೊಳಗೇ. ಕಣ್ಣು ಕಾಣದವರಿಗೆ, ಗಾಲಿಕುರ್ಚಿಯವರಿಗೆ, ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡ ತಾಯಿಗೆ ದಾರಿಯೇ ಮುಚ್ಚಿತು. 2021ರಲ್ಲಿ ಸೇನ್ ದಂಡೆಯಲ್ಲಿ ಸ್ಕೂಟರ್ ಬಡಿದು ನಡೆದುಹೋಗುತ್ತಿದ್ದ ಮಹಿಳೆಯೊಬ್ಬರು ಸತ್ತರು. ವೇಗಕ್ಕೆ ಮಿತಿ, ನಿಲ್ಲಿಸಲು ಗೊತ್ತಾದ ಜಾಗ ಎಲ್ಲವೂ ಬಂದವು. ಜನರ ಸಿಟ್ಟು ಇಳಿಯಲಿಲ್ಲ. 2023ರ ಏಪ್ರಿಲ್ 2ರಂದು ನಗರ ಮತ ಕೇಳಿದಾಗ ಬಂದವರು ನೂರಕ್ಕೆ ಎಂಟು ಮಂದಿಗೂ ಕಡಿಮೆ, ಬಂದವರಲ್ಲಿ ಶೇ. 89 ಮಂದಿ ಬಾಡಿಗೆ ಗಾಡಿ ಬೇಡವೆಂದರು. ಆ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಸುಮಾರು 15,000 ಗಾಡಿಗಳು ಬೀದಿಯಿಂದ ತೆರವಾದವು. ಡಿಸೆಂಬರಿನಲ್ಲಿ ಬರ್ಡ್ ಕಂಪನಿ ದಿವಾಳಿ ಅರ್ಜಿ ಹಾಕಿತು.

ಇಲ್ಲೊಂದು ಸೂಕ್ಷ್ಮವಿದೆ. ಪ್ಯಾರಿಸ್ ನಿಷೇಧಿಸಿದ್ದು ಬಾಡಿಗೆ ಗಾಡಿಯನ್ನು, ಸ್ವಂತ ಗಾಡಿಯನ್ನಲ್ಲ. ಸ್ವಂತದ ಗಾಡಿಯನ್ನು ಯಾರೂ ಬೀದಿಯಲ್ಲಿ ಬಿಸಾಡಿ ಹೋಗುವುದಿಲ್ಲ. ಮಡಚಿ ಒಳಗೆ ಒಯ್ಯುತ್ತಾರೆ. ದಿನವೂ ಕಚೇರಿಗೆ ಹೋಗುವವನ ಗಾಡಿ ಹೀಗೆ ಉಳಿಯಿತು. ಪ್ರವಾಸಿಯ ಪಾಡು ಬೇರೆ. 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಪ್ರಯಾಣಿಕರ ಸಾಮಾನಿನ ಜೊತೆ ಒಯ್ಯುವಂತಿಲ್ಲ. ಎಂ365ರ ಬ್ಯಾಟರಿ 280. ದೂರದಿಂದ ಹಾರಿ ಬಂದವನಿಗೆ ಬಾಡಿಗೆಯೇ ಗತಿ, ಬಾಡಿಗೆ ಇಲ್ಲದಿದ್ದರೆ ಕಾಲೇ ಗತಿ.

ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ಎಳೆಯಿದೆ. ಭಾರತದ ನಿಯಮದಲ್ಲಿ 250 ವ್ಯಾಟ್ ಒಳಗಿನ, ಗಂಟೆಗೆ 25 ಕಿ.ಮೀ. ಮೀರದ ವಿದ್ಯುತ್ ದ್ವಿಚಕ್ರ ಗಾಡಿಗೆ ಚಾಲನಾ ಪರವಾನಗಿ ಬೇಕಿಲ್ಲ. ಈ ಅವಕಾಶ ಹಿಡಿದು ಇಲ್ಲಿನ ಯುಲು ಕಂಪನಿ ಬಾಡಿಗೆಗೆ ಬಿಟ್ಟದ್ದು ಕುಳಿತು ಓಡಿಸುವ ಪುಟ್ಟ ಗಾಡಿ. ನಿಂತು ಸಾಗುವ ಹಲಗೆ ನಮ್ಮಲ್ಲಿ ಬೇರೂರಲಿಲ್ಲ. ಅಂಗೈ ಅಗಲದ ಗುಂಡಿಯೂ ಅದರ ಪುಟ್ಟ ಚಕ್ರಕ್ಕೆ ಕಂದಕ. ಚಕ್ರ ಸಿಕ್ಕಿಕೊಂಡರೆ ನಿಂತಿರುವ ಸವಾರ ತಲೆಕೆಳಗಾಗಿ ಮುಂದೆ ಬೀಳುತ್ತಾನೆ. ಇನ್ನು ನಮ್ಮ ಫುಟ್‌ಪಾತಿನಲ್ಲಿ ಟ್ರಾನ್ಸ್‌ಫಾರ್ಮರು, ಅಂಗಡಿಯ ಬೋರ್ಡು, ಅವಸರದ ಬೈಕು ಇವುಗಳ ನಡುವೆ ನಡೆಯುವವರೇ ದಾರಿ ಹುಡುಕಬೇಕು.

ನೂರು ವರ್ಷದ ಈ ಚರಿತ್ರೆಯಲ್ಲಿ ಗಾಡಿ ಸುಧಾರಿಸುತ್ತಲೇ ಬಂದಿದೆ. ಹಗುರವಾಯಿತು, ಅಗ್ಗವಾಯಿತು, ಸದ್ದಡಗಿತು. ಸುಧಾರಿಸದೆ ಉಳಿದದ್ದು ಅದಕ್ಕೆ ಸಿಗುವ ಜಾಗ. ಕಾರಿಗಾಗಿ ಇಡೀ ನಗರಗಳನ್ನು ಒಡೆದು ಕಟ್ಟಿದ ಮನುಷ್ಯ, ಒಬ್ಬನನ್ನು ಹೊರುವ ಹಲಗೆಗೆ ಎರಡು ಮೊಳ ದಾರಿಯನ್ನು ಕಾರಿನಿಂದ ಕೇಳಲಿಲ್ಲ, ನಡೆಯುವವನಿಂದ ಕಿತ್ತುಕೊಂಡ. ಪ್ಯಾರಿಸ್ಸಿನಲ್ಲಿ ಮತ ಹಾಕಿದವರು ಯಂತ್ರವೊಂದನ್ನು ತಿರಸ್ಕರಿಸಿದರು ಎನ್ನುವುದಕ್ಕಿಂತ, ಉಳಿದಿದ್ದ ಅಷ್ಟು ಜಾಗವನ್ನಾದರೂ ತಮಗೆ ಬಿಡಿ ಎಂದು ಕೇಳಿದರು ಎನ್ನುವುದೇ ಸರಿ.