ಅಗೋ, ಅಪ್ಪ ಬಂದರು
ರಾಜಾ ರವಿವರ್ಮ (1848–1906)
ತೈಲವರ್ಣ, 1893

ಇಲ್ಲಿ ನಿಂತಿರುವ ತಾಯಿ ಕಲಾವಿದರ ಮಗಳು ಮಹಾಪ್ರಭಾ; ಎತ್ತಿಕೊಂಡಿರುವ ಕೂಸು ಅವರ ಮೊಮ್ಮಗ. ತಾಯಿ, ಮಗು, ಪಕ್ಕದ ಸಾಕುನಾಯಿ, ಎಲ್ಲರ ನೋಟವೂ ಒಂದೇ ಕಡೆ. ಬರುತ್ತಿರುವ ಅಪ್ಪ ಮಾತ್ರ ಚೌಕಟ್ಟಿನ ಆಚೆಗಿದ್ದಾನೆ.

ತುಳುನಾಡಿನ ಅಳಿಯಸಂತಾನದಂತೆ ತಿರುವಾಂಕೂರಿನ ಮರುಮಕ್ಕತ್ತಾಯದಲ್ಲೂ ಮಕ್ಕಳು ತಾಯಿಯ ಮನೆತನಕ್ಕೆ ಸೇರಿದವರಾಗಿದ್ದರು. ಅಂಥ ಮನೆಯಲ್ಲಿ ಅಪ್ಪನ ದಾರಿ ಕಾಯುವ ಗಳಿಗೆಯನ್ನು ರವಿವರ್ಮರು ಅಕ್ಕರೆಯಿಂದ ಚಿತ್ರಿಸಿದ್ದಾರೆ. ಷಿಕಾಗೋದ 1893ರ ವಿಶ್ವಮೇಳದಲ್ಲಿ ಈ ಚಿತ್ರ ಪ್ರದರ್ಶನಗೊಂಡಿತು.

ಮುಂಬಯಿಯಲ್ಲಿ 1894ರಲ್ಲಿ ಆರಂಭವಾದ ಅವರ ಮುದ್ರಣಾಲಯ ಮುಂದೆ ಲೋಣಾವಳದ ಬಳಿಯ ಮಳವಲಿಗೆ ಬಂತು. ಅಲ್ಲಿ ಅಚ್ಚಾದ ಲಕ್ಷ್ಮಿ, ಸರಸ್ವತಿಯರ ಪಟಗಳು ಕನ್ನಡಿಗರ ದೇವರಮನೆಗಳನ್ನೂ ಸೇರಿದವು.